ಮನೆಯಲ್ಲೇ ಸ್ಕೂಲು, ಮನೆಯಲ್ಲೇ ರಜ

ಮಕ್ಕಳನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಓದಿಸುವವರು ನಗೆಪಾಟಲಾಗಲು ಬೇರೆ ಪ್ರಯತ್ನ ಪಡಬೇಕಾಗಿಲ್ಲ. ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಸಾಕು. ಸೊಪ್ಪಿನವಳು ಕೇಳುತ್ತಾಳೆ, ಕೊರಿಯರ್‌ನವನು ಕೇಳುತ್ತಾನೆ, ಗ್ಯಾಸ್ ತಂದವನು ಸಿಲಿಂಡರ್ ಹೆಗಲಿಂದ ಇಳಿಸುವ ಮೊದಲೇ ಕೇಳುತ್ತಾನೆ, "ಯಾಕ್ ಮೇಡಂ, ಮಕ್ಳು ಸ್ಕೂಲಿಗೆ ಹೋಗಿಲ್ವಾ?"

ನಾವಿರುವುದು ಕೋಣನಕುಂಟೆಯಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆ. ಮಗಳಿಗೆ ಹನ್ನೊಂದು, ಮಗನಿಗೆ ಏಳು. ನಮ್ಮ ಯಜಮಾನರದು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆಲಸ. ಈ ಮನೆ ಸ್ಕೂಲಿನ ಮೇಡಂ ನಾನು. ಮಕ್ಕಳು ಬ್ಯಾಗಿನ ಭಾರ ಇಲ್ಲದೆ, ದೇವರ ಭಯದಲ್ಲಿ, ನಿಧಾನವಾಗಿ ಬೆಳೆಯಲಿ ಅಂತ ನಾವಿಬ್ಬರೂ ಪ್ರಾರ್ಥನೆ ಮಾಡಿ ತೀರ್ಮಾನಿಸಿದ್ದೆವು. ಆ ಪ್ರಾರ್ಥನೆಗೆ ನಮ್ಮ ಅತ್ತೆಯನ್ನು ಸೇರಿಸಿಕೊಂಡಿರಲಿಲ್ಲ. ಅವರು ಕೋಲಾರದ ಕಡೆ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ರಿಟೈರ್ ಆಗಿ ಈಗ ನಮ್ಮ ಜೊತೆಗೇ ಇರುವವರು. ಸುತ್ತಮುತ್ತಲ ಹಳ್ಳಿಯ ಮಕ್ಕಳನ್ನೆಲ್ಲ ಕಿವಿ ಹಿಡಿದು ಸ್ಕೂಲಿಗೆ ಎಳೆದು ತಂದವರ ಸ್ವಂತ ಮೊಮ್ಮಕ್ಕಳೇ ಸ್ಕೂಲಿನ ಗೇಟು ನೋಡಿಲ್ಲ ಅಂದರೆ ಅವರಿಗೆ ಹೇಗಾಗಬೇಡ?

"ಜನವರೀಲಿ ಅಡ್ಮಿಷನ್ ಶುರು ಆಗುತ್ತೆ. ಅಷ್ಟರೊಳಗೆ ನಿಮ್ಮಿಬ್ರಿಗೂ ಬುದ್ಧಿ ಬರ್ಲಿಲ್ಲ ಅಂದ್ರೆ ನಾನೇ ಇವರ ಕೈ ಹಿಡ್ಕೊಂಡು ಹೋಗಿ ಸೇರಿಸ್ಬಿಡ್ತೀನಿ," ಅಂತ ಡಿಸೆಂಬರಿನಲ್ಲೇ ಹೇಳಿಬಿಟ್ಟಿದ್ದರು. ಹೆಡ್‌ಮಿಸ್ ಸುಮ್ಮನೆ ಹೆದರಿಸುವವರಲ್ಲ. ಒಂದೂವರೆ ತಿಂಗಳು ನಾನು ಎದೆ ಹಿಡಿದುಕೊಂಡೇ ಓಡಾಡಿದೆ.

ವಿಂಟರ್ ರೆಸ್ಟ್

ಮನೆಯಲ್ಲೇ ಓದಿಸುವ ಹೊರದೇಶದ ತಾಯಂದಿರ ವಿಡಿಯೋ ನೋಡುವುದು ನನ್ನ ಚಟ. ಡಿಸೆಂಬರ್ ಬಂತೆಂದರೆ ಅವರು ಪುಸ್ತಕ ಮುಚ್ಚಿಟ್ಟು 'ವಿಂಟರ್ ರೆಸ್ಟ್' ತೆಗೆದುಕೊಳ್ಳುತ್ತಾರೆ. ಕಿಟಕಿಯ ಹೊರಗೆ ಹಿಮ, ಒಳಗೆ ಬೆಂಕಿಗೂಡು, ಪಕ್ಕದಲ್ಲಿ ಸ್ವೆಟರ್ ಹೆಣೆಯುವ ಅಮ್ಮ, ಬಾಯಿ ಬಿಡದೆ ಕಥೆಪುಸ್ತಕ ಓದುವ ಮಕ್ಕಳು. ನೋಡಿ ನೋಡಿ ನನಗೂ ರೆಸ್ಟ್ ಬೇಕು ಅನ್ನಿಸಿತು.

ನಮ್ಮ ಕಿಟಕಿಯ ಹೊರಗೆ ಪಕ್ಕದ ಸೈಟಿನವರು ಬೋರ್‌ವೆಲ್ ಕೊರೆಸುತ್ತಿದ್ದರು. ಒಳಗೆ ಬೆಂಕಿ ಅಂತ ಇದ್ದದ್ದು ಗ್ಯಾಸ್ ಸ್ಟೌ, ಅದರ ಮೇಲೆ ಕುಕ್ಕರ್. ಆದರೂ ನಾನು ಬಿಡಲಿಲ್ಲ. ತಿಂಡಿ ಹೊತ್ತಿಗೆ ಎಲ್ಲರನ್ನೂ ಕೂರಿಸಿ, ಕೊರೆಯುವ ಸದ್ದಿಗಿಂತ ಜೋರಾಗಿ ಕೂಗಿದೆ, "ಇವತ್ತಿಂದ ನಮ್ಮ ಸ್ಕೂಲಿಗೆ ರಜ!"

ಅತ್ತೆ ಇಡ್ಲಿಯಿಂದ ತಲೆ ಎತ್ತದೆ, "ಯಾವ ಸ್ಕೂಲಿಗೆ?" ಅಂದರು.

ಮಗಳು ಮಾತ್ರ ಖುಷಿಯಾದಳು. ಮಗನ ಮುಖ ಗಂಭೀರವಾಯಿತು. ಅವನ ಸ್ನೇಹಿತ, ಎದುರುಮನೆ ಹುಡುಗ, ನಿಜವಾದ ಸ್ಕೂಲಿಗೆ ಹೋಗುತ್ತಾನೆ. ರಜ ಅಂದರೆ ಏನೇನು ಅನ್ನುವುದನ್ನೆಲ್ಲ ಅವನಿಂದಲೇ ಇವನು ತಿಳಿದುಕೊಂಡಿದ್ದ.

"ಅಮ್ಮ, ರಜಾ ಅಂದ್ರೆ ಮಕ್ಕಳು ಮನೇಲಿ ಇರಬೇಕು ಅಲ್ವಾ?"

"ಹೌದು ಕಂದಾ."

"ಮೇಡಂನ ನೋಡಬಾರ್ದು ಅಲ್ವಾ?"

"ಹೂಂ."

"ಹಂಗಾದ್ರೆ ನೀನು ಯಾವಾಗ ಹೊರಡ್ತೀಯ?"

ಅಷ್ಟೂ ದಿನದಲ್ಲಿ ಅತ್ತೆ ಮೊದಲ ಸಲ ನಕ್ಕಿದ್ದು ಆಗ. ಎರಡು ಇಡ್ಲಿ ಜಾಸ್ತಿಯೇ ತಿಂದರು.

ಕೇಕು ಮತ್ತು ಸತ್ಯ

ರೆಸ್ಟ್ ಅಂತ ಹೆಸರಿಗೆ. ಕ್ರಿಸ್‌ಮಸ್ ವಾರದಲ್ಲಿ ಕ್ರೈಸ್ತರ ಮನೆ ಹೆಂಗಸಿಗೆ ರೆಸ್ಟ್ ಎಲ್ಲಿಂದ ಬರಬೇಕು? ಕಲ್‌ಕಲ್, ರೋಸ್ ಕುಕ್ಕೀಸ್, ಚಕ್ಕುಲಿ, ಕರ್ಜಿಕಾಯಿ, ಆಮೇಲೆ ಕೇಕು. ಬಾಣಲೆ ಮುಂದೆ ನಿಂತರೂ ನನ್ನೊಳಗಿನ ಮೇಡಂ ಸುಮ್ಮನಿರುವುದಿಲ್ಲ. "ಈ ಹಿಟ್ಟನ್ನ ನಾಲ್ಕು ಭಾಗ ಮಾಡಿ ಅದರಲ್ಲಿ ಮೂರು ತಗೊಂಡ್ರೆ ಏನಂತಾರೆ?" ಅಂತ ಮಗಳನ್ನು ಕೇಳಿದೆ. ಅವಳು ಕೈ ಒರೆಸಿಕೊಂಡು, "ಅಮ್ಮ, ಇದು ರಜಾನಾ, ಪರೀಕ್ಷೆನಾ? ಮೊದಲು ಅದು ಹೇಳು," ಅಂದಳು. ನಾನು ಭಿನ್ನರಾಶಿ ವಿವರಿಸಿ ಮುಗಿಸುವಷ್ಟರಲ್ಲಿ ಎಣ್ಣೆಯಲ್ಲಿದ್ದ ಒಂದು ಒಬ್ಬೆ ಕಲ್‌ಕಲ್ ಪೂರ್ತಿ ಇದ್ದಿಲಾಗಿತ್ತು.

ಕೆಳಗಿನ ಮನೆಯಲ್ಲಿ ನಮ್ಮ ಓನರ್ ಆಂಟಿ ಇದ್ದಾರೆ. ತುಂಬ ಒಳ್ಳೆಯವರು, ಮಡಿವಂತರು, ಮೊಟ್ಟೆಯ ವಾಸನೆಯನ್ನು ಗೇಟಿನಲ್ಲೇ ಹಿಡಿಯುತ್ತಾರೆ. ಅವರಿಗಾಗಿ ನಾನು ಪ್ರತಿವರ್ಷ ಮೊಟ್ಟೆ ಇಲ್ಲದ ಕೇಕು ಕಳಿಸುತ್ತೇನೆ. ಪ್ರತಿವರ್ಷ ಅವರು, "ಏನಮ್ಮಾ ನಿನ್ನ ಕೈರುಚಿ! ಬೇಕರಿಯೋರು ನಿನ್ನ ಹತ್ರ ಕಲೀಬೇಕು," ಅನ್ನುತ್ತಾರೆ. ನಾನು ನಾಚಿಕೊಂಡು ಸುಮ್ಮನಾಗುತ್ತೇನೆ.

ಈ ಸಲ ತಟ್ಟೆ ಕೊಡಲು ಮಗನೂ ನನ್ನ ಜೊತೆ ಬಂದ. ಆ ವಾರವೇ ಚರ್ಚಿನ ಭಾನುವಾರದ ಮಕ್ಕಳ ತರಗತಿಯಲ್ಲಿ ಸುಳ್ಳಾಡಬಾರದು ಅಂತ ಪಾಠವಾಗಿತ್ತು. ಆಂಟಿ ರೂಢಿಯಂತೆ, "ಮೊಟ್ಟೆ ಹಾಕಿಲ್ಲ ತಾನೇ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಇವನು, "ಅಮ್ಮ ಮಾಡಿದ್ದಕ್ಕೆ ಹಾಕಿದಾರೆ ಆಂಟಿ. ನಿಮ್ದು ಜಯನಗರದ ಬೇಕರೀದು, ಅದಕ್ಕೆ ಹಾಕಿಲ್ಲ. ಡಬ್ಬ ನಾನೇ ಕಸಕ್ಕೆ ಹಾಕ್ದೆ," ಅಂದುಬಿಟ್ಟ.

ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಂಟಿ ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಆಮೇಲೆ ಹಿಂದೆ ತಿರುಗಿ ಒಳಗೆ ಅಂಕಲ್ ಟಿವಿ ನೋಡುತ್ತಿದ್ದಾರಾ ಅಂತ ಖಚಿತ ಮಾಡಿಕೊಂಡರು. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ಬೇಜಾರ್ ಮಾಡ್ಕೋಬೇಡಮ್ಮ. ಯುಗಾದಿಗೆ ನೀವು ಚಪ್ಪರಿಸ್ಕೊಂಡು ತಿಂತೀರಲ್ಲ ಒಬ್ಬಟ್ಟು, ಅದನ್ನ ನಾನೂ ಅಂಗಡಿಯಿಂದಾನೇ ತರ್ಸೋದು. ಈ ವಿಷ್ಯ ನಮ್ಮೋರಿಗೂ ಗೊತ್ತಿಲ್ಲ."

ಜನರ ಜೊತೆ ಬೆರೆಯೋದು

ಮನೆಯಲ್ಲಿ ಓದುವ ಮಕ್ಕಳ ಬಗ್ಗೆ ಇಡೀ ಲೋಕಕ್ಕೆ ಇರುವ ಚಿಂತೆ ಒಂದೇ: ನಾಲ್ಕು ಜನರ ಜೊತೆ ಬೆರೆಯುವುದು ಹೇಗೆ?

ಕ್ರಿಸ್‌ಮಸ್ ದಿನ ಚರ್ಚಿನ ಅಂಗಳದಲ್ಲಿ ಬಿಟಿಎಂ ಲೇಔಟಿನ ನಮ್ಮ ಸಂಬಂಧಿಕರೊಬ್ಬರು ಅದನ್ನೇ ಹಿಡಿದುಕೊಂಡರು. ಅವರ ಮಗ ಹೆಸರಿನಲ್ಲೇ ಎರಡು ದೇಶ ಇರುವಂಥ ದೊಡ್ಡ ಸ್ಕೂಲಿನಲ್ಲಿ ಓದುತ್ತಾನೆ. "ಎಲ್ಲಾ ಸರಿ, ಆದ್ರೆ ಸೋಷಿಯಲೈಸೇಷನ್? ಮಕ್ಳು ಮೂಕರಾಗಿಬಿಡ್ತಾರೆ ಕಣಮ್ಮ," ಅಂದರು. ಅವರು ಹಾಗನ್ನುವಾಗ ಅವರ ಮಗ ಕಾರಿನ ಹಿಂದಿನ ಸೀಟಿನಲ್ಲಿ ಫೋನ್ ಹಿಡಿದು ಕೂತಿದ್ದ. ಯಾರು ಗಾಜು ತಟ್ಟಿದರೂ ಇಳಿಸಲಿಲ್ಲ.

ನನ್ನ ಮಗ ಎಲ್ಲಿದ್ದಾನೆ ಅಂತ ಹುಡುಕಿದೆ. ಗಾಯಕವೃಂದದವರ ನಡುವೆ ನಿಂತು ಒಬ್ಬೊಬ್ಬರ ಕೈ ಕುಲುಕುತ್ತಿದ್ದ. ಎಷ್ಟು ಚೆನ್ನಾಗಿ ಬೆರೆಯುತ್ತಾನೆ ನೋಡಿ ಅಂತ ಸಂಬಂಧಿಕರಿಗೆ ತೋರಿಸಿದೆ. ನನ್ನ ಎದೆ ಉಬ್ಬಿಹೋಗಿತ್ತು.

ಅವನು ಬೆರೆತು ಏನು ಹೇಳಿದ್ದ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ನಮಗಷ್ಟೇ ಅಂತ ಮಾಡಿದ್ದ ಬಿರಿಯಾನಿಯ ಮುಚ್ಚಳ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಗಾಯಕವೃಂದ ಪೂರ್ತಿ ಬಂದಿತ್ತು. ಕೀಬೋರ್ಡ್ ನುಡಿಸುವವನು ತಮ್ಮನನ್ನೂ ಕರೆತಂದಿದ್ದ. "ನಿಮ್ಮ ಮಗ ಬಹಳ ಬಲವಂತ ಮಾಡ್ದ ಅಕ್ಕ. ಬರ್ಲಿಲ್ಲ ಅಂದ್ರೆ ಅಮ್ಮ ಬೇಜಾರ್ ಮಾಡ್ಕೋತಾರೆ ಅಂದ," ಅಂತ ನಕ್ಕರು.

ನಾನು ಅಡುಗೆಮನೆಗೆ ಓಡಿ ಕಂಗಾಲಾಗಿ ನಿಂತೆ. ಹಿಂದೆಯೇ ಬಂದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಶಾಲೆಯಲ್ಲಿ ಬಿಸಿಯೂಟ ನಡೆಸಿದ ಕೈ ಅದು. ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ತಿಳಿಸಾರು, ಬಿರಿಯಾನಿಗೆ ಇನ್ನಷ್ಟು ಅನ್ನ ಕಲಸಿ, ಈರುಳ್ಳಿ ಹೆಚ್ಚಿ ಮೊಸರು ಬಜ್ಜಿಗೆ ಸಿದ್ಧ ಮಾಡಿದರು. ಅಷ್ಟರಲ್ಲಿ ನಮ್ಮ ಯಜಮಾನರು ಬಾಗಿಲಲ್ಲಿ ಕೈಕಟ್ಟಿ ನಿಂತು ಭಕ್ತಿಯಿಂದ, "ಚಿಂತೆ ಯಾಕಮ್ಮ? ಐದು ರೊಟ್ಟಿ, ಎರಡು ಮೀನಲ್ಲಿ ಅಷ್ಟು ಸಾವಿರ ಜನರಿಗೆ ಊಟ ಆಗ್ಲಿಲ್ವಾ?" ಅಂದರು.

ಅತ್ತೆ ಸೌಟು ಎತ್ತಿ ತಮ್ಮ ಮಗನ ಕಡೆ ತಿರುಗಿದರು.

"ಅಲ್ಲಿ ಯೇಸುಸ್ವಾಮಿ ಇದ್ರು ಕಣೋ. ಇಲ್ಲಿ ನೀನಿದೀಯ. ಹೋಗಿ ಮೊಸರು ತಗೊಂಬಾ."

ಆಮೆನ್

ಹೊಸ ವರ್ಷ ಕಳೆದ ಮೊದಲ ಸೋಮವಾರ ಮತ್ತೆ ಸ್ಕೂಲು ಶುರು ಅಂತ ತೀರ್ಮಾನವಾಗಿತ್ತು. ಹಿಂದಿನ ದಿನ ಯಜಮಾನರು ಬಣ್ಣಬಣ್ಣದ ಟೈಮ್‌ಟೇಬಲ್ ಮಾಡಿ ಫ್ರಿಜ್ಜಿಗೆ ಅಂಟಿಸಿದರು. ಬೆಳಗಾಗುತ್ತಲೇ ಏಳುವುದು, ವ್ಯಾಯಾಮ, ಕುಟುಂಬ ಪ್ರಾರ್ಥನೆ, ಗಣಿತ, ಇತ್ಯಾದಿ. ಪ್ರಾರ್ಥನೆಯ ಹೊಣೆ ಅವರದು. "ತಂದೆಯಾದವನು ಮುಂದೆ ನಿಂತು ನಡೆಸ್ಬೇಕು," ಅಂತ ಘೋಷಿಸಿದರು.

ಜನವರಿಯ ಚಳಿ ಹೇಗಿರುತ್ತದೆ ಅಂತ ಕನಕಪುರ ರಸ್ತೆಯ ಈ ಕೊನೆಯಲ್ಲಿ ಇರುವವರಿಗೆ ಗೊತ್ತು. ಮಂಕಿ ಕ್ಯಾಪ್ ಹಾಕಿಕೊಂಡ ಇಬ್ಬರು ಮಕ್ಕಳು, ಶಾಲು ಹೊದ್ದ ಅಪ್ಪ, ಮೂವರೂ ಸೋಫಾ ಮೇಲೆ ಕಣ್ಣುಮುಚ್ಚಿ ಕೂತರು. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಾ ಕಿವಿಗೊಟ್ಟೆ. ದೇಶಕ್ಕಾಗಿ ಪ್ರಾರ್ಥನೆಯಾಯಿತು, ರಾಜ್ಯಕ್ಕಾಗಿ ಆಯಿತು, ನೆರೆಹೊರೆಗಾಗಿ ಆಯಿತು, ಆಮೇಲೆ ಸದ್ದಿಲ್ಲ. ಎಷ್ಟು ಆಳವಾದ ಮೌನ ಪ್ರಾರ್ಥನೆ ಅಂದುಕೊಂಡೆ. ಉಪ್ಪಿಟ್ಟು ಆರಿತು. ಹೋಗಿ ನೋಡಿದರೆ ಮಗಳು ಒಂದು ಕಣ್ಣು ಮಾತ್ರ ತೆರೆದು ಪಿಸುಗುಟ್ಟಿದಳು.

"ಅಮ್ಮ, ಅಪ್ಪ ಇನ್ನೂ ಆಮೆನ್ ಅಂದಿಲ್ಲ. ನಾವು ಏಳ್ಬಹುದಾ?"

ಅಪ್ಪ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸೋಣ ಅನ್ನುವಷ್ಟರಲ್ಲಿ ಪಕ್ಕದ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಬಡಿದುಕೊಂಡಿತು. ಆಫೀಸಿನ ಬೆಳಗಿನ ಮೀಟಿಂಗು. ಇವರು ಬೆಚ್ಚಿಬಿದ್ದು ಎದ್ದು, ನಿದ್ದೆಗಣ್ಣಲ್ಲೇ ಗುಂಡಿ ಒತ್ತಿದರು. ಮಂಕಿ ಕ್ಯಾಪ್ ಹಾಕಿಕೊಂಡ ಮಗ ಕೂಡ ಕ್ಯಾಮೆರಾದಲ್ಲಿ ಬಂದ. ಆ ಕಡೆಯಿಂದ ಮ್ಯಾನೇಜರು, ತಿಂಗಳ ಕೊನೆಯೊಳಗೆ ಈ ಪ್ರಾಜೆಕ್ಟ್ ಮುಗಿಯುತ್ತದೆ ಅಂತ ನಂಬಬಹುದಾ ಅಂತ ಕೇಳಿದರು.

ಇವರು ಎದೆಯಾಳದಿಂದ, ಕೈ ಜೋಡಿಸಿ, "ಆಮೆನ್!" ಅಂದರು.

ಆ ಕಡೆ ಮ್ಯಾನೇಜರು ನಿಟ್ಟುಸಿರು ಬಿಟ್ಟು, "ನಿಜ. ಇನ್ನು ದೇವರೇ ಮುಗಿಸ್ಬೇಕು," ಅಂದರು.

ಅವರೆಕಾಯಿ ಪ್ರಕರಣ

ಟೈಮ್‌ಟೇಬಲ್ ಮೂರೇ ದಿನಕ್ಕೆ ಉದುರಿಹೋಯಿತು. ನಾನು ಅದಕ್ಕೆ ಬದಲು 'ಪ್ರಕೃತಿಪಾಠ' ಅಂತ ಹೆಸರಿಟ್ಟು ಮಕ್ಕಳನ್ನು ದಿನಾ ಪಾರ್ಕಿಗೆ ಕರೆದುಕೊಂಡು ಹೋಗತೊಡಗಿದೆ. ಬೇರೆ ಮಕ್ಕಳೆಲ್ಲ ವ್ಯಾನು ಹತ್ತುವ ಹೊತ್ತಿಗೆ ನಮ್ಮವರು ಹುಳ ನೋಡುತ್ತಿರುತ್ತಿದ್ದರು. ಒಂದು ದಿನ ನಾನು ಮಗಳ ಜೊತೆ ಹಕ್ಕಿ ಹುಡುಕುತ್ತಿದ್ದಾಗ, ವಾಕಿಂಗ್ ಬಂದಿದ್ದ ಆಂಟಿಯೊಬ್ಬರು ಮಗನನ್ನು ಮಾತಾಡಿಸಿದ್ದಾರೆ. ಏನು ಮಾತಾಯಿತು ಅಂತ ಅವನೇ ಮನೆಗೆ ಬಂದು ಹೆಮ್ಮೆಯಿಂದ ಒಪ್ಪಿಸಿದ.

"ಸ್ಕೂಲಿಗೆ ಹೋಗಲ್ವಾ ಪುಟ್ಟ?"

"ಇಲ್ಲ ಆಂಟಿ. ಅಮ್ಮ ಕಳ್ಸಲ್ಲ."

"ಅಯ್ಯೋ! ಇಡೀ ದಿನ ಮನೇಲಿ ಏನ್ ಮಾಡ್ತೀಯ?"

"ಪಾತ್ರೆ ಒರೆಸಿಡ್ತೀನಿ. ಬಟ್ಟೆ ಮಡಚ್ತೀನಿ. ಈಗ ಸೀಸನ್ ಅಲ್ವಾ, ಅವರೆಕಾಯಿ ಬಿಡಿಸ್ತೀನಿ."

"ಅಕ್ಕ?"

"ಅವಳು ಹಿದುಕ್ತಾಳೆ."

"ಅಷ್ಟೊಂದು ಕೆಲಸಕ್ಕೆ ಏನ್ ಕೊಡ್ತಾರೆ ನಿಂಗೆ?"

"ಊಟ ಕೊಡ್ತಾರೆ."

ಇದನ್ನೆಲ್ಲ ನಾನು 'ಜೀವನ ಕೌಶಲ್ಯ' ಅಂತ ಕರೆಯುತ್ತಿದ್ದೆ. ವಾಕಿಂಗ್ ಆಂಟಿ ಬೇರೆ ಏನೋ ಅಂತ ಕರೆದಿರಬೇಕು. "ಮನೆ ಎಲ್ಲಿ ಅಂತ ಕೇಳಿದ್ರು, ಹೇಳ್ದೆ," ಅಂತ ಮಗ ಮುಗಿಸಿದ.

ಮರುದಿನ ಮಧ್ಯಾಹ್ನ ಬೆಲ್ ಆಯಿತು. ಬಾಗಿಲಲ್ಲಿ ಅದೇ ಆಂಟಿ, ರಿಟೈರ್ಡ್ ಇಂಜಿನಿಯರ್ ಆಗಿರುವ ಅವರ ಯಜಮಾನರು, ಜೊತೆಗೆ ಬಡಾವಣೆ ಸಂಘದ ಅಧ್ಯಕ್ಷರು. ಆಂಟಿಯ ಕೈಯಲ್ಲಿ ಒಂದು ಹಳೆಯ ಸ್ಕೂಲ್ ಬ್ಯಾಗು, ನೀರಿನ ಬಾಟಲಿ. ಹಾಲಿನ ನಡುವೆ ಪೇಪರಿನ ಮೇಲೆ ಅವರೆಕಾಯಿಯ ಗುಡ್ಡೆ, ಅದರ ಎರಡೂ ಕಡೆ ನಮ್ಮ ಇಬ್ಬರು ಮಕ್ಕಳು. ಮಗನ ಸ್ವೆಟರಿನ ಮೊಣಕೈ ಅವತ್ತೇ ಹರಿದಿರಬೇಕಾ!

ಬಾಗಿಲು ತೆಗೆದದ್ದು ಅತ್ತೆ. ನಾನು ಹಿಂದೆ ನಿಂತಿದ್ದೆ. ಅಡ್ಮಿಷನ್ ಶುರುವಾಗಿತ್ತು, ಅತ್ತೆ ಕಾಯುತ್ತಿದ್ದ ಗಳಿಗೆ ತಾನೇ ನಡೆದು ಮನೆಬಾಗಿಲಿಗೆ ಬಂದಿತ್ತು.

"ಈ ಮಕ್ಳನ್ನ ಸ್ಕೂಲಿಗೆ ಕಳಿಸ್ತಿಲ್ಲ ಅಂತ ಗೊತ್ತಾಯ್ತು," ಅಂದರು ಅಧ್ಯಕ್ಷರು.

"ಹೌದು, ಕಳಿಸ್ತಿಲ್ಲ," ಅಂದರು ಅತ್ತೆ. "ನಾನೂ ಅದನ್ನೇ ಬಡ್ಕೋತಾ ಇದೀನಿ."

ಮುಗಿಯಿತು ಅಂದುಕೊಂಡೆ. ಆಂಟಿಗೆ ಧೈರ್ಯ ಬಂತು. "ನೋಡಿ, ನೀವು ಹಿರಿಯರು. ನಿಮ್ಮ ಸೊಸೆಗೆ ಸ್ವಲ್ಪ ಬುದ್ಧಿ ಹೇಳಿ. ಓದು ಬರಹ ಇಲ್ದೆ ಮಕ್ಳು ಹಾಳಾಗ್ತವೆ," ಅಂದರು.

ಅತ್ತೆಯ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ನನ್ನ ಸೊಸೆಗೆ ಬುದ್ಧಿ ಇಲ್ಲ ಅನ್ನೋಕೆ ನಾನಿದೀನಿ. ನೀವ್ಯಾರು? ಒಳಗೆ ಬಂದು ಕೂತ್ಕೊಳ್ಳಿ."

ಮೂವರೂ ಕೂತರು. ಅತ್ತೆ ಮಗಳನ್ನು ಕರೆದು ಅವತ್ತಿನ ಕನ್ನಡ ಪೇಪರಿನ ಸಂಪಾದಕೀಯ ಓದಿಸಿದರು. ಒಂದು ಒತ್ತಕ್ಷರವೂ ಜಾರಲಿಲ್ಲ. "ನಿಮ್ಮ ಮೊಮ್ಮಗ ಹೀಗೆ ಓದ್ತಾನಾ?" ಅಂತ ಆಂಟಿಯನ್ನು ಕೇಳಿದರು. "ಅವನಿಗೆ ಕನ್ನಡ ಥರ್ಡ್ ಲ್ಯಾಂಗ್ವೇಜು. ಕ ಖ ಗ ಮುಗ್ಸಿದಾನೆ. ಈಗ ಒಂಬತ್ತನೇ ಕ್ಲಾಸು," ಅಂದರು ಆಂಟಿ, ದನಿ ತಗ್ಗಿಸಿ.

ಆಮೇಲೆ ಮಗನಿಗೆ, "ಹದಿನೇಳರ ಮಗ್ಗಿ!" ಅಂತ ಅಪ್ಪಣೆಯಾಯಿತು.

ನಾನು ಹೇಳಿಕೊಟ್ಟದ್ದು ಹತ್ತರವರೆಗೆ. ಆದರೆ ಅವನು ಕೈಕಟ್ಟಿ ನಿಂತು ರಾಗವಾಗಿ ಶುರು ಮಾಡಿಯೇಬಿಟ್ಟ. ಹದಿನೇಳೇಳ್ಲಿ ದಾಟಿ, ಹದಿನೇಳೆಂಟ್ಲಿ ಅಂದವನು ಸೂರು ನೋಡುತ್ತಾ ನಿಂತುಬಿಟ್ಟ. ಇಂಜಿನಿಯರ್ ಅಂಕಲ್‌ಗೆ ಪಾಪ ಅನ್ನಿಸಿತು. "ನೂರಾ ಇಪ್ಪತ್ತಾರು," ಅಂತ ಮೆಲ್ಲಗೆ ಎತ್ತಿಕೊಟ್ಟರು.

"ಇಲ್ಲ ಅಂಕಲ್, ನೂರಾ ಮೂವತ್ತಾರು," ಅಂದ ಮಗ.

ಅತ್ತೆ ನಿಧಾನವಾಗಿ ಅವರ ಕಡೆ ತಿರುಗಿ, "ನೀವು ಯಾವ ಸ್ಕೂಲು?" ಅಂದರು.

ನಾನು ಮಧ್ಯಾಹ್ನ ವಿಂಟರ್ ರೆಸ್ಟ್ ಅಂತ ಮಲಗಿದ್ದಾಗಲೆಲ್ಲ ಅತ್ತೆ ಟೆರೇಸಿನ ಮೇಲೆ ಸಂಡಿಗೆ ಒಣಗಿಸುವ ನೆಪದಲ್ಲಿ ಅವನಿಗೆ ಮಗ್ಗಿ ಹೇಳಿಕೊಡುತ್ತಿದ್ದರಂತೆ. ನನಗೆ ಗೊತ್ತಾದದ್ದೇ ಆಗ. ಕಾಫಿ ಮಾಡುತ್ತೇನೆ ಅಂತ ಒಳಗೆ ಹೋಗಿ, ಡಿಕಾಕ್ಷನ್ ಇಳಿಯುವವರೆಗೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಲೋಟ ಹಿಡಿದು ಹೊರಗೆ ಬಂದರೆ, ಅತ್ತೆ ಕುರ್ಚಿಯಲ್ಲಿ, ಮಕ್ಕಳು ಅವರ ಪಕ್ಕದಲ್ಲಿ. ಮಕ್ಕಳನ್ನು ದುಡಿಮೆಯಿಂದ ಬಿಡಿಸಲು ಬಂದ ಮೂವರು ಹಿರಿಯರು ಗುಡ್ಡೆಯ ಸುತ್ತ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ಮಾತಾಡ್ಕೊಂಡು ಕೂರೋ ಬದ್ಲು ಕೈಗೆ ಕೆಲಸ ಇರ್ಲಿ ಅಂದೆ," ಅಂದರು ಅತ್ತೆ. ಅಧ್ಯಕ್ಷರು ತಲೆ ಎತ್ತಿ ದೀನವಾಗಿ ನನ್ನನ್ನು ಕೇಳಿದರು.

"ಮೇಡಂ, ಊಟ ಕೊಡ್ತೀರಂತಲ್ಲ?"

ಲೇಟಾಗಿ ಬಂದವರು

ಅವತ್ತಿನಿಂದ ಅಡ್ಮಿಷನ್ ಮಾತು ನಿಂತಿತು. ನಾನು ಗೆದ್ದೆ ಅಂದುಕೊಂಡು ಹಾಯಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಗ್ಗೆ ಸ್ನಾನ ಮಾಡುತ್ತಿದ್ದಾಗ ಹೊರಗೆ ಢಣಢಣ ಸದ್ದು. ಏನೋ ಬಿತ್ತು ಅಂದುಕೊಂಡೆ. ತಲೆಗೆ ಟವೆಲ್ ಸುತ್ತಿಕೊಂಡು ಹಾಲಿಗೆ ಬಂದರೆ, ಅತ್ತೆ ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಬಾರಿಸುತ್ತಿದ್ದಾರೆ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಗಡಿಯಾರ, ಕನ್ನಡಕ. ಮಕ್ಕಳಿಬ್ಬರೂ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ ನಮ್ಮ ಯಜಮಾನರು, ಕಂಕುಳಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಕೈಕಟ್ಟಿ ನಿಂತಿದ್ದಾರೆ. ಪ್ರಾರ್ಥನೆ ಮುಗಿದು ಹಾಜರಿ ನಡೆಯುತ್ತಿತ್ತು.

ಮದುವೆಯಾಗಿ ಬಂದಾಗಿನಿಂದ ನನ್ನನ್ನು 'ನೀನು' ಅನ್ನುತ್ತಿದ್ದ ಅತ್ತೆ ಅವತ್ತು ಮೊದಲ ಸಲ ಬಹುವಚನ ಬಳಸಿದರು.

"ಮೇಡಂ, ಟೈಮ್ ಎಷ್ಟು?"

"ಅತ್ತೆ, ಅದು, ಸ್ನಾನಕ್ಕೆ..."

"ಸ್ಕೂಲಲ್ಲಿ ಅತ್ತೆ ಇಲ್ಲ. ಮೇಡಂ ಆದೋರೇ ಲೇಟಾಗಿ ಬಂದ್ರೆ ಮಕ್ಳು ಏನ್ ಕಲೀತಾರೆ? ಹೊರಗೆ ನಿಂತ್ಕೊಳ್ಳಿ."

ತಮಾಷೆ ಅಂದುಕೊಂಡು ನಕ್ಕೆ. ನಗು ನನ್ನದೊಂದೇ ಆಗಿತ್ತು. ಸಹಾಯಕ್ಕಾಗಿ ಯಜಮಾನರ ಮುಖ ನೋಡಿದೆ. ಅವರು ದೃಷ್ಟಿ ಕದಲಿಸದೆ ಮುಂದಿನ ಗೋಡೆಯನ್ನೇ ನೋಡುತ್ತಿದ್ದರು. ಅದೇ ತಾಯಿಯ ಕೈಕೆಳಗೆ ಏಳನೇ ಕ್ಲಾಸಿನವರೆಗೂ ಓದಿದ ಗಂಡಸು, ಬಾಯಿ ಬಿಡುವುದುಂಟೇ?

ಒದ್ದೆ ತಲೆಯಲ್ಲೇ ಮುಂಬಾಗಿಲು ದಾಟಿ ಮೆಟ್ಟಿಲ ಮೇಲೆ ನಿಂತೆ. ಬಾಗಿಲು ಮುಚ್ಚಿತು. ಅಷ್ಟರಲ್ಲಿ ಕೆಳಗಿನಿಂದ ಓನರ್ ಆಂಟಿ ಸಂಕ್ರಾಂತಿಯ ಎಳ್ಳು ಬೆಲ್ಲದ ತಟ್ಟೆ ಹಿಡಿದು ಹತ್ತಿ ಬಂದರು. "ಯಾಕಮ್ಮಾ, ಚಳೀಲಿ ಇಲ್ಲಿ ನಿಂತಿದೀಯ?"

"ಲೇಟಾಯ್ತು ಆಂಟಿ," ಅಂದೆ. ಬೇರೆ ಹೇಗೆ ವಿವರಿಸಬೇಕೋ ತಿಳಿಯಲಿಲ್ಲ.

ಆಂಟಿ ಬಾಯಿ ತೆರೆಯುವ ಮೊದಲೇ ಮುಚ್ಚಿದ ಬಾಗಿಲ ಆ ಕಡೆಯಿಂದ ಮಗನ ದನಿ ಕೇಳಿಸಿತು. ನನ್ನ ಬಗ್ಗೆ ಅವನಿಗೆ ನಿಜವಾಗಿಯೂ ಕನಿಕರ ಹುಟ್ಟಿತ್ತು.

"ಅಜ್ಜಿ, ಪಾಪ, ಅಮ್ಮಂಗೆ ಸ್ಕೂಲು ಒಗ್ತಾ ಇಲ್ಲ ಅನ್ಸುತ್ತೆ. ಬಿಡಿಸ್ಬಿಟ್ಟು ಮನೇಲೇ ಓದಿಸೋಣ್ವಾ?"